ಪುಸ್ತಕ ನೋಡಿ ಮಾಡಿದ ಸುರಕುಂಬಾ

ನನಗೆ ಅಡುಗೆ ಪುಸ್ತಕ ಓದುವ ಚಟವಿದೆ, ಅಡುಗೆ ಮಾಡುವ ಚಟವಿಲ್ಲ. ಇವೆರಡೂ ಬೇರೆ ಬೇರೆ ಎಂಬುದು ನಮ್ಮ ಕಚೇರಿಯವರಿಗೆ ಇನ್ನೂ ಅರ್ಥವಾಗಿಲ್ಲ. ಮಧ್ಯಾಹ್ನ ನಾನು ಡಬ್ಬಿ ಬಿಚ್ಚುವಾಗ ಎಲ್ಲರೂ ಇಣುಕುತ್ತಾರೆ. ಅಮ್ಮಿ ಕಟ್ಟಿಕೊಟ್ಟ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಕಂಡು "ಇಷ್ಟ ಏನ್ರೀ ಮೇಡಂ?" ಅನ್ನುತ್ತಾರೆ. ಹೌದು, ಇಷ್ಟೇ. ನಾಟಕ ನೋಡಲು ಹೋದವರನ್ನು ನೀವೇಕೆ ಬಣ್ಣ ಹಚ್ಚಿಲ್ಲ ಎಂದು ಯಾರೂ ಕೇಳುವುದಿಲ್ಲವಲ್ಲ.

ಓದುವುದೂ ಒಂದು ಕಡೆ ಕೂತು ಅಲ್ಲ. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೂ ಬಾಲ್ಕನಿಗೂ ನಡುವೆ ಓಡಾಡುತ್ತ, ಪುಟ ಮಗುಚುತ್ತ, ಬರೆದವರ ಜೊತೆ ಬಾಯಿಬಿಟ್ಟೇ ಜಗಳವಾಡುತ್ತ ಓದುತ್ತೇನೆ. "ಒಂದ ಕಡಿ ಕುಂದರ, ನಿನ್ನ ನೋಡಿ ನನಗ ಕಣ್ಣ ತಿರಗಾಕತ್ತಾವು" ಎಂದು ಅಮ್ಮಿ ಗೊಣಗುತ್ತಾಳೆ. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ಆದರೆ ಅಮ್ಮಿಯ ಮಾತನ್ನು ಇಲ್ಲಿ ಖಾನಾಪುರದ ಕನ್ನಡದಲ್ಲೇ ಬರೆಯುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಬರುವ, ಅಲ್ಲಿನ ಪಕ್ಕದ ಮನೆಯ ಕಾಕೂನ ಜೊತೆ ಆಕೆ ಆಡುತ್ತಿದ್ದದ್ದು ಅದನ್ನೇ.

ಜಗಳಕ್ಕೆ ಕಾರಣ ಬೇಕಾದಷ್ಟಿವೆ. 'ನಾಲ್ಕು ಜನರಿಗೆ ಸಾಕಾಗುವಷ್ಟು' ಎಂದು ಬರೆಯುತ್ತಾರೆ. ಯಾವ ನಾಲ್ಕು ಜನ? ಹೇಳದೆ ಕೇಳದೆ ಮತ್ತಿಬ್ಬರು ಬಂದರೆ ಏನು ಮಾಡಬೇಕೆಂದು ಯಾವ ಪುಟದಲ್ಲೂ ಇಲ್ಲ. 'ಹೊಂಬಣ್ಣ ಬರುವವರೆಗೆ ಹುರಿಯಿರಿ' ಅನ್ನುತ್ತಾರೆ. ಹೊಂಬಣ್ಣ ಬಂದಿತ್ತೆಂದು ಗೊತ್ತಾಗುವುದು ಅದು ದಾಟಿಹೋದ ಮೇಲೆಯೇ. ಬಣ್ಣದ ಚಿತ್ರಗಳ ದಪ್ಪ ಪುಸ್ತಕಗಳ ಮೇಲಂತೂ ನನಗೆ ಕಿಂಚಿತ್ತೂ ನಂಬಿಕೆಯಿಲ್ಲ. ಅವುಗಳಲ್ಲಿ ಒಂದೇ ಒಂದು ಪಾತ್ರೆಯೂ ತಳ ಹಿಡಿಯುವುದಿಲ್ಲ. ನನಗೆ ಇಷ್ಟವಾದವು ರವಿವಾರ ಪೇಟೆಯ ರದ್ದಿ ಅಂಗಡಿಯಲ್ಲಿ ಸಿಗುವ, ಕಾಗದ ಹಳದಿಗಟ್ಟಿದ ಹಳೆಯ ಪುಸ್ತಕಗಳು. ಅವುಗಳ ಕೊನೆಯಲ್ಲಿ ಬಿಕ್ಕಳಿಕೆಗೆ ಮದ್ದು, ಸೀರೆಯ ಮೇಲಿನ ಅರಿಶಿನದ ಕಲೆ ತೆಗೆಯುವ ಉಪಾಯ ಎಲ್ಲ ಇರುತ್ತದೆ. ಬರೆದಾಕೆ ನಡುನಡುವೆ 'ಈಗ ಮಾತಾಡುತ್ತ ನಿಲ್ಲಬೇಡಿರಿ, ಹಾಲು ಉಕ್ಕುತ್ತದೆ' ಎಂದು ಗದರುತ್ತಾಳೆ. ಗದರುವವರನ್ನು ನಂಬಬಹುದು.

ಇನ್ನೊಂದು ಸಿಟ್ಟು ಹಳೆಯದು. ನಮ್ಮ ಭಾಗದ ಅಡುಗೆ ಎಂದು ಬಂದ ಬಣ್ಣದ ಪುಸ್ತಕಗಳಲ್ಲೆಲ್ಲ ಕೊನೆಗೆ ಒಂದು ಪುಟ್ಟ ಅಧ್ಯಾಯವಿರುತ್ತದೆ, 'ಮುಸ್ಲಿಂ ಅಡುಗೆ' ಎಂದು. ತೆರೆದರೆ ಬಿರ್ಯಾನಿ, ಇನ್ನೊಂದು ಬಿರ್ಯಾನಿ, ಆಮೇಲೆ ಸುರಕುಂಬಾ, ಅಂದರೆ ಶಾವಿಗೆ, ಉತ್ತತ್ತಿ, ಕೊಬ್ಬರಿ ಹಾಕಿ ಕುದಿಸುವ ಈದಿನ ಹಾಲು. ನನ್ನ ಡಬ್ಬಿಯ ಪುಂಡಿಪಲ್ಯ ಯಾರ ಅಡುಗೆ ಹಾಗಾದರೆ? ಎಷ್ಟೋ ತಲೆಮಾರುಗಳಿಂದ ಇದೇ ಮಣ್ಣಿನ ಜೋಳ ತಿಂದುಕೊಂಡು ಬಂದವರು, ಪುಸ್ತಕದ ಪ್ರಕಾರ ವರ್ಷವಿಡೀ ಬಿರ್ಯಾನಿ ತಿಂದು ಈದಿನ ದಿನ ಬಾಯಿ ಸಿಹಿ ಮಾಡಿಕೊಳ್ಳುವವರು.

ಊಟದ ಸುತ್ತ ಹೆಣೆದ ಕಥೆಗಳ ಮೇಲೆ ಇದಕ್ಕಿಂತ ದೊಡ್ಡ ಸಿಟ್ಟು. ಅಲ್ಲಿ ಸೊಸೆ ಒಂದು ಸಾರು ಮಾಡಿ ಅತ್ತೆಯ ಮನಸ್ಸು ಗೆಲ್ಲುತ್ತಾಳೆ. ಸಾರಿಗೆ ಕಣ್ಣೀರು ಬಿದ್ದರೆ ರುಚಿ ಹೆಚ್ಚುತ್ತದೆ. ಯಾರೂ ಪಾತ್ರೆ ತೊಳೆಯುವುದಿಲ್ಲ. ನಾವು ಏಳೆಂಟು ಹೆಂಗಸರು ತಿಂಗಳಿಗೊಂದು ರವಿವಾರ ಒಬ್ಬರ ಮನೆಯಲ್ಲಿ ಸೇರಿ ಏನಾದರೂ ಓದುತ್ತೇವೆ. ಈ ಸಲ ರಮಜಾನಿಗೆ ಮುಂಚೆ ಒಬ್ಬರು ಒಂದು ಕಥೆ ಓದಿದರು. ಈದಿನ ದಿನ ಮುಸ್ಲಿಂ ಹೆಂಗಸೊಬ್ಬಳು ಗೋಡೆಯ ಮೇಲಿಂದ ಪಕ್ಕದ ಮನೆಯಾಕೆಗೆ ಒಂದು ಬಟ್ಟಲು ಸುರಕುಂಬಾ ಚಾಚುತ್ತಾಳೆ. ಮಡಿಯ ಮನೆಯಾಕೆ ಒಂದು ಕ್ಷಣ ತಡೆದು, ಕೈ ನೀಡಿ, ಕುಡಿದೇಬಿಡುತ್ತಾಳೆ. ಓದಿ ಮುಗಿಸಿದಾಗ ಎಲ್ಲರ ಕಣ್ಣೂ ಒದ್ದೆ. ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು, ಆ ಬಟ್ಟಲು ಚಾಚಿದಾಕೆ ನಾನೇ ಎನ್ನುವಂತೆ.

"ಸುಳ್ಳು," ಅಂದೆ. "ಬಟ್ಟಲಾ ಗ್ವಾಡಿ ದಾಟೂದಿಲ್ರಿ."

ಯಾಕೆ ಎಂದು ಕೇಳಿದರು. ನೀರು ಕುಡಿಯುವ ನೆಪದಲ್ಲಿ ಎದ್ದುಹೋದೆ. ಮುಂದಿನ ಸಲ ಇದರ ಮೇಲೆ ನೀವೇ ಮಾತಾಡಿ ಎಂದು ನನ್ನ ತಲೆಗೆ ಕಟ್ಟಿದರು. ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗದ, ಕೂತಲ್ಲಿ ಕೂಡಲಾಗದ ಸ್ಥಿತಿ.

ಯಾಕೆಂದರೆ ನಮ್ಮಲ್ಲಿ ಗೋಡೆ ದಾಟಿದ್ದು ಬಟ್ಟಲಲ್ಲ, ಚೀಲ. ಖಾನಾಪುರದಲ್ಲಿ ನಮ್ಮದೂ ಕಾಕೂನದೂ ಹಿತ್ತಲಿಗೆ ಒಂದೇ ಗೋಡೆ. ಕಾಕೂನ ಅತ್ತೆಯದು ಕಟ್ಟುನಿಟ್ಟಾದ ಮಡಿ. ನಮ್ಮ ಮನೆಯಲ್ಲಿ ಬೆಂದದ್ದು ಅವರ ಹೊಸ್ತಿಲೊಳಗೆ ಹೋಗುವಂತಿರಲಿಲ್ಲ. ಆದರೆ ಬೇಯದ್ದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಪ್ರತಿ ಈದಿಗೂ ಅಮ್ಮಿ ಹಸಿರು ಬಟ್ಟೆಯ ಒಂದು ಚೀಲದಲ್ಲಿ ಶಾವಿಗೆ, ಉತ್ತತ್ತಿ, ಒಣಕೊಬ್ಬರಿಯ ಬಟ್ಟಲು, ಗಸಗಸೆ, ಗೋಡಂಬಿ, ಏಲಕ್ಕಿ, ಸಕ್ಕರೆ ಎಲ್ಲ ಬೇರೆ ಬೇರೆ ಕಟ್ಟಿಟ್ಟು ಕಳಿಸುತ್ತಿದ್ದಳು. ಊರಲ್ಲಿ ಇದು ಎಲ್ಲರೂ ಮಾಡುತ್ತಿದ್ದ ರೂಢಿಯೇ. ದೀಪಾವಳಿಗೆ ಅದೇ ಚೀಲ ವಾಪಸ್ಸು ಬರುತ್ತಿತ್ತು, ಒಳಗೆ ಕಾಕೂ ಕರಿದ ಚಕ್ಕಲಿ, ಕರ್ಚಿಕಾಯಿ, ಬೇಸನ್ ಉಂಡೆ. ಅವರದ್ದು ಬೆಂದು ಬರುತ್ತಿತ್ತು, ನಾವು ತಿನ್ನುತ್ತಿದ್ದೆವು. ನಮ್ಮದು ಹಸಿಯಾಗೇ ಹೋಗುತ್ತಿತ್ತು. ಅದನ್ನು ಕಾಕೂ ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ಮನೆಗೆಲಸದವಳಿಗೆ ಕೊಟ್ಟುಬಿಡುತ್ತಿರಬೇಕು ಎಂದು ನನಗೆ ಹತ್ತನೇ ವಯಸ್ಸಿನಲ್ಲೇ ಸಂಶಯ ಹುಟ್ಟಿತ್ತು. ಚಕ್ಕಲಿ ತಿನ್ನುತ್ತಲೇ ಸಿಟ್ಟು ಮಾಡಿಕೊಳ್ಳುತ್ತಿದ್ದೆ.

ಈದಿನ ಮುನ್ನಾದಿನದ ಒಂದು ಕೆಲಸವಂತೂ ನನಗೆ ತಲೆನೋವು. ಒಳಗೆ ಅಷ್ಟು ಒಳ್ಳೆಯ ಒಲೆ ಇದ್ದರೂ, ಕೊಬ್ಬರಿ, ಗಸಗಸೆ, ಶಾವಿಗೆ ಹುರಿಯುವುದಕ್ಕೆ ಮಾತ್ರ ಅಮ್ಮಿ ಸೀಮೆಎಣ್ಣೆ ಸ್ಟೋವನ್ನು ಹಿತ್ತಲಿಗೆ ಹೊರಿಸುತ್ತಿದ್ದಳು. ಹೊರುವವಳು ನಾನು. ಗೋಡೆಯ ಪಕ್ಕ ಇಟ್ಟ ಮೇಲೂ ತಟ್ಟನೆ ಹಚ್ಚುತ್ತಿರಲಿಲ್ಲ. ಮಣೆಯ ಮೇಲೆ ಕೂತು, ದಾರದ ಮೇಲೆ ಒಣಹಾಕಿದ ಬಟ್ಟೆಗಳನ್ನು ನೋಡುತ್ತ ಸುಮ್ಮನಿರುತ್ತಿದ್ದಳು. ನಾನು ಚಡಪಡಿಸಿದರೆ "ತಡಿ, ಇನ್ನ ಸ್ವಲ್ಪ" ಅನ್ನುತ್ತಿದ್ದಳು. ಗಾಳಿಗೆ ಸ್ಟೋ ಎರಡು ಸಲವಾದರೂ ಆರುತ್ತಿತ್ತು. ಒಳಗೇ ಹುರಿಯಬಾರದೇ ಎಂದರೆ "ಒಳಗ ಸೆಕಿ" ಎಂಬುದೊಂದೇ ಉತ್ತರ.

ನನಗೆ ನೌಕರಿ ಸಿಕ್ಕು ಅಮ್ಮಿಯೂ ನಾನೂ ಬೆಳಗಾವಿಗೆ ಬಂದು ಇಪ್ಪತ್ತೈದು ವರ್ಷವಾಯಿತು. ಈಗಲೂ ಚೀಲ ಹೋಗುತ್ತದೆ. ಈದಿನ ಮರುದಿನ ನಾನೇ ಬಸ್ಸು ಹಿಡಿದು ಒಯ್ದು ಕೊಡುತ್ತೇನೆ. ಕಾಕೂನ ಅತ್ತೆ ತೀರಿಕೊಂಡದ್ದೂ ಹಳೆಯ ಮಾತಾಯಿತು, ಆದರೂ ಚೀಲ ಚೀಲವಾಗಿಯೇ ಉಳಿಯಿತು. ಆ ಕಥೆ ಕೇಳಿದ ಮೇಲೆ ನನಗೆ ಒಂದೇ ಹಟ ಹತ್ತಿತು. ನಮ್ಮ ಒಲೆಯ ಮೇಲೆ ಬೆಂದದ್ದನ್ನು ಕಾಕೂ ಒಮ್ಮೆ, ಒಂದೇ ಒಂದು ಸಲ, ನನ್ನ ಕಣ್ಣೆದುರು ತಿನ್ನಬೇಕು. ತಿನ್ನದಿದ್ದರೆ ತಿನ್ನುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಎರಡರಲ್ಲಿ ಒಂದು ಗೊತ್ತಾಗದೆ ನನಗೆ ನಿದ್ದೆ ಹತ್ತುವಂತಿರಲಿಲ್ಲ.

ಅಮ್ಮಿಗೆ ಹೇಳಿದೆ. "ಈ ಸಲ ಮಾಡೇ ಒಯ್ಯತೀನಿ."

"ಬ್ಯಾಡ," ಅಂದಳು. "ಆಕಿಗೆ ಯಾಕ ಪೇಚಿಗೆ ಹಾಕ್ತಿ? ಚೀಲ ಒಯ್ಯಿ, ಸುಮ್ಮ ಬಾ."

ಈದಿನ ದಿನ ಅಮ್ಮಿ ಮಾಡಿದ ಸುರಕುಂಬಾ ಬಂದವರಿಗೇ ಮುಗಿದುಹೋಯಿತು. ಮರುದಿನ ಬೆಳಿಗ್ಗೆ ಆಕೆ ಪೇಟೆಯಲ್ಲಿರುವ ತಂಗಿಯ ಮನೆಗೆ ಹೋದಳು. ನಾನು ಕಚೇರಿಗೆ ರಜೆ ಹಾಕಿ ಅಡುಗೆಮನೆಗೆ ನುಗ್ಗಿದೆ. ಅಮ್ಮಿ ಮಾಡುವುದನ್ನು ನೂರು ಸಲ ನೋಡಿದ್ದೇನೆ, ಆದರೆ ಪುಸ್ತಕ ಕೈಯಲ್ಲಿ ಹಿಡಿದು ನೋಡಿದ್ದೇನೆ. ಕೊನೆಗೆ ಪುಸ್ತಕವನ್ನೇ ತೆರೆದೆ, ಅದೂ ನಾನು ನಂಬದ ಬಣ್ಣದ ಚಿತ್ರದ ಪುಸ್ತಕವನ್ನು. ಹಳೆಯವುಗಳಲ್ಲಿ ಸುರಕುಂಬಾವೇ ಇಲ್ಲ. ಡಬ್ಬಿಯ ಗಟ್ಟಿ ಹಾಲು, ಹುರಿದೇ ಬರುವ ಶಾವಿಗೆ, ಮೇಲೆ ಗೋಡಂಬಿ, ಇಪ್ಪತ್ತು ನಿಮಿಷ ಎಂದಿತ್ತು. ಇಪ್ಪತ್ತೇ ನಿಮಿಷಕ್ಕೆ ಆಯಿತು. ಚಿತ್ರದಲ್ಲಿದ್ದಂತೆಯೇ ಕಾಣುತ್ತಿತ್ತು, ಅಷ್ಟು ಹೊತ್ತಿಗೇ ನನಗೆ ಅನುಮಾನ ಬರಬೇಕಿತ್ತು. ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಳ ಒತ್ತಿದೆ. ಅಮ್ಮಿ ಕಟ್ಟಿಟ್ಟ ಹಸಿರು ಚೀಲ ಬಾಗಿಲ ಹಿಂದಿನ ಮೊಳೆಗೆ ತೂಗಾಡುತ್ತಿತ್ತು. ಅದನ್ನು ಬೇಕೆಂದೇ ಅಲ್ಲೇ ಬಿಟ್ಟು ಹೊರಟೆ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕೂತಿದ್ದೆ. ಪೀರನವಾಡಿಗೆ ಬರುವಷ್ಟರಲ್ಲಿ ಕಾಕೂ ಬೇಡ ಎಂದರೆ ಏನು ಹೇಳಬೇಕೆಂದು ಒಂದು ಭಾಷಣ ತಯಾರಾಯಿತು. ಮಚ್ಛೆ ದಾಟುವಷ್ಟರಲ್ಲಿ ಅದು ಜಗಳವಾಯಿತು. ಖಾನಾಪುರದಲ್ಲಿ ಇಳಿಯುವಾಗ ನನಗೇ ನನ್ನ ಮೇಲೆ ಬೇಸರ ಬಂದಿತ್ತು.

"ಬಾರವಾ, ಬಾ. ನಿನ್ನ ದಾರೀನs ನೋಡಲಿಕ್ಕತ್ತಿದ್ದೆ," ಎಂದಳು ಕಾಕೂ. ಎಂಬತ್ತರ ಹತ್ತಿರದ ಹೆಂಗಸು, ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. "ಅಮ್ಮಿ ಮೊಣಕಾಲ ಹ್ಯಾಂಗವ? ಆಕಿ ಮಾರಿ ನೋಡದs ಎಷ್ಟ ದಿನ ಆತು."

ನಾನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟೆ. "ಈ ಸಲ ಅಮ್ಮಿ ಮಾಡೇ ಕಳಿಸ್ಯಾಳ್ರಿ, ಕಾಕೂ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅಮ್ಮಿಯ ಹೆಸರು ಹೇಳಿದರೆ ಬೇಡ ಅನ್ನುವುದು ಕಷ್ಟ ಎಂಬ ಲೆಕ್ಕಾಚಾರವಿತ್ತು. ಆ ಕಥೆಯಲ್ಲೂ ಬಟ್ಟಲು ಕೊಟ್ಟದ್ದು ಪಕ್ಕದ ಮನೆಯಾಕೆಯೇ ಎಂಬ ನೆನಪೂ ಇತ್ತು.

ಕಾಕೂ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. "ಅಮ್ಮಿ ಮಾಡ್ಯಾಳ?"

"ಹೂನ್ರಿ."

"ಖರೇನ?"

"ಖರೇ."

ಅವಳು ಎದ್ದು ಕೈ ತೊಳೆದುಕೊಂಡಳು. ಒಳಗಿಂದ ಬಟ್ಟಲು, ಚಮಚ ತಂದು, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು, ಡಬ್ಬಿಯ ಮುಚ್ಚಳ ತೆಗೆದಳು. ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದಳು. ನಾನು ತಯಾರಿಸಿಕೊಂಡು ಬಂದ ಭಾಷಣ ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಬಟ್ಟಲಿಗೆ ಸುರಿದುಕೊಂಡು ಒಂದು ಚಮಚ ಬಾಯಿಗಿಟ್ಟಳು. ಮತ್ತೊಂದು. ಇಷ್ಟು ಸುಲಭವಾಗಿ ಆಗಿಬಿಡುತ್ತದೆ ಎಂದು ನಾನು ಎಣಿಸಿರಲಿಲ್ಲ.

"ಅತ್ತಿಯವರು ಹೋಗಿ ಇಪ್ಪತ್ತ ವರ್ಷ ಆತು," ಎಂದಳು ಕಾಕೂ, ಬಟ್ಟಲು ನೋಡುತ್ತಲೇ. "ಆಮ್ಯಾಲೆ ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹ್ಯಾಂಗ ಹೇಳಬೇಕು? ಅಷ್ಟ ವರ್ಷ ಒಲ್ಲೆ ಅಂದಾಕಿ, ಈಗ ಮಾಡಿ ತಂದು ಕೊಡ್ರಿ ಅಂತ ಯಾವ ಬಾಯಲೆ ಕೇಳಲಿ?"

ಇಪ್ಪತ್ತು ವರ್ಷ. ಇಪ್ಪತ್ತು ಸಲ ಆ ಚೀಲ ಹೊತ್ತುಕೊಂಡು, ಒಳಗೊಳಗೇ ಕುದಿಯುತ್ತ ಈ ಬಾಗಿಲಿಗೆ ಬಂದಿದ್ದೆನಲ್ಲ. ಕಾಕೂ ಬಟ್ಟಲು ಪೂರ್ತಿ ಮುಗಿಸಿದಳು. "ಛಲೋ ಆಗೇದ," ಎಂದಳು, ಹೇಗೋ ಪಾಸಾದ ಮಗುವಿಗೆ ಹೇಳುವ ಹಾಗೆ. ಆಮೇಲೆ ನನ್ನ ಹಿಂದೆ ಮುಂದೆ ನೋಡಿ, "ಚೀಲ ಎಲ್ಲಿ ಅದ?" ಎಂದು ಕೇಳಿದಳು.

"ಮರತ ಬಂದೆ."

"ಮರತಿ?" ಅವಳ ಮುಖ ಇಳಿದುಹೋಯಿತು. ಅಡುಗೆ ಉಂಡ ಮೇಲೆ ಹಸಿ ಸಾಮಾನು ಯಾಕೆ ಬೇಕು ಎಂದು ನನಗೆ ತಿಳಿಯಲಿಲ್ಲ.

ಗೆದ್ದಿದ್ದೆ, ಆದರೆ ಬಸ್ಸಿನಲ್ಲಿ ಕೂತ ಮೇಲೂ ಕಾಲು ಕುಣಿಯುತ್ತಲೇ ಇತ್ತು. ಇನ್ನೂ ಅರ್ಧ ದಾರಿ ಆಗಿರಲಿಲ್ಲ, ಅಮ್ಮಿಯ ಫೋನು ಬಂತು.

"ಚೀಲ ಮೊಳಿಗೇ ಐತಲ್ಲ! ನೀ ಏನ್ ಒಯ್ದಿ?"

ಹೇಳಿದೆ. ನಾನು ಮಾಡಿದ್ದು, ಪುಸ್ತಕ ನೋಡಿದ್ದು, ಆಕೆಯ ಹೆಸರು ಹೇಳಿದ್ದು, ಎಲ್ಲ.

"ಆಕಿ ತಿಂದಳೇನು?"

"ತಿಂದ್ರು. ಪೂರಾ. ಛಲೋ ಐತಿ ಅಂದ್ರು."

"ಅಷ್ಟ?"

"ಅಷ್ಟ."

ಆ ಕಡೆ ಮಾತಿಲ್ಲ. ಖುಷಿಯಿಂದ ಗಂಟಲು ಕಟ್ಟಿರಬೇಕು ಅಂದುಕೊಂಡೆ. ಕಥೆ ಓದಿ ಓದಿ ನನ್ನ ಬುದ್ಧಿ ಅಷ್ಟು ಕೆಟ್ಟಿತ್ತು.

"ನಲವತ್ತೈದ ವರ್ಷ ಆಕಿ ನನ್ನ ಕೈದು ತಿಂದಿಲ್ಲ," ಅಂದಳು ಅಮ್ಮಿ. "ಈಗ ತಿಂದಾಳ, ಅದೂ ನಿನ್ನ ಪುಸ್ತಕದ್ದು. ಇನ್ನ ಆಕಿ ಇರೂತನಕ ನನ್ನ ಕೈ ಅಂದ್ರ ಅದೇ ಅಂತ ತಿಳಕೋತಾಳ. ಇಳಿ. ಈಗಿಂದೀಗ ಬಸ್ ಇಳಿದು ಹೊಳ್ಳಿ ಹೋಗು. ಹೋಗಿ ಹೇಳು."

ಇಳಿದೆ. ನಡು ರಸ್ತೆಯ ಬಿಸಿಲಲ್ಲಿ, ನೆರಳಿಲ್ಲದ ಒಂದು ಸ್ಟಾಪಿನಲ್ಲಿ, ಖಾಲಿ ಡಬ್ಬಿ ಹಿಡಿದು ಆಚೆಗೂ ಈಚೆಗೂ ತಿರುಗುತ್ತ ಅರ್ಧ ತಾಸು ಕಳೆದೆ. ನಾನು ಕಾಕೂನ ನಾಲಿಗೆಯನ್ನು ಪರೀಕ್ಷಿಸಲು ಹೋಗಿ ಅಮ್ಮಿಯ ಕೈಯನ್ನು ಹಾಳು ಮಾಡಿದ್ದೆ. ಅದು ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ ಖಾನಾಪುರದ ಬಸ್ಸು ಬಂದಾಗ ಹತ್ತಲು ಹೆದರಿಕೆಯಾಯಿತು.

ಕಾಕೂ ಮೆಟ್ಟಿಲ ಮೇಲೇ ಕೂತಿದ್ದಳು. ನಿಂತುಕೊಂಡೇ ಹೇಳಿದೆ. "ಕಾಕೂ, ಅದು ಅಮ್ಮಿ ಮಾಡಿದ್ದಲ್ಲರಿ. ನಾ ಮಾಡಿದ್ದು. ಸುಳ್ಳ ಹೇಳಿದೆ."

"ಗೊತ್ತಿತ್ತವಾ," ಎಂದಳು.

"ಹೆಂಗ?"

"ಮುಚ್ಚಳಾ ತಗದ ಕೂಡ್ಲೆ ಗೊತ್ತಾತು. ಕೊಬ್ಬರಿ ಹುರದ ವಾಸನಿ ಇಲ್ಲ, ಗಸಗಸಿ ವಾಸನಿ ಇಲ್ಲ." ಅವಳು ಗೋಡೆಯ ಕಡೆ ಗದ್ದ ಎತ್ತಿದಳು. "ನಿಮ್ಮ ಅಮ್ಮಿ ಅಲ್ಲೆ ಸ್ಟೋ ಹಚ್ಚಿ ಕೂತಳಂದ್ರ ನಾ ಇಲ್ಲೆ ಗ್ವಾಡಿಗೆ ಆತು ನಿಂತಿರತಿದ್ದೆ. ಅತ್ತಿಯವರು ಏನ ಮಾಡಲಿಕ್ಕತ್ತೀ ಅಂದ್ರ, ಅರಿವಿ ಹಿಂಡಲಿಕ್ಕತ್ತೀನಿ ಅಂತಿದ್ದೆ. ಬಾಯಿಗೆ ಮಡಿ ಇತ್ತು, ಮೂಗಿಗೆ ಎಲ್ಲಿ ಮಡಿ? ಈಗ ನಾಕ ಮಂದಿ ಮಾಡಿದ್ದು ಮುಂದ ಇಟ್ರ, ಅದರಾಗ ನಿಮ್ಮ ಅಮ್ಮೀದು ಯಾವದು ಅಂತ ಕಣ್ಣ ಮುಚ್ಚಿ ಹೇಳತೀನಿ."

"ಮತ್ತ ಚೀಲಾ ಯಾಕ ಕೇಳಿದ್ರಿ?"

"ವರ್ಷಾ ವರ್ಷಾ ಆ ಚೀಲದಾಗಿನ ಸಾಮಾನಲೆ ನಾನs ಮಾಡತೀನಲ್ಲ. ಆ ವಾಸನಿ ನೆನಪ ಮಾಡಿಕೋತ ಹುರಿತೀನಿ. ಒಮ್ಮೆ ಕರ್ರಗಾಗತದ, ಒಮ್ಮೆ ಹಸೀ ಉಳೀತದ. ಇನ್ನತನಕ ಒಂದ ಸಲಾನೂ ಬಂದಿಲ್ಲ." ನಕ್ಕಳು. "ಈ ವರ್ಷ ಬರತದೇನೋ ಅಂತ ಅನಕೊಂಡಿದ್ದೆ."

ಮನೆಗೆಲಸದವಳಿಗೆ ಕೊಡುತ್ತಿರಬೇಕೆಂದು ಹತ್ತನೇ ವಯಸ್ಸಿನಿಂದ ನಾನು ಸಾಕಿಕೊಂಡು ಬಂದ ಸಂಶಯ ನೆನಪಾಗಿ ಮುಖ ಬಿಸಿಯಾಯಿತು. "ಅದು ಅಮ್ಮೀದಲ್ಲ ಅಂತ ಗೊತ್ತಿದ್ದೂ ಯಾಕ ಪೂರಾ ತಿಂದ್ರಿ?" ಎಂದು ಕೇಳಿದೆ.

"ನೀ ಹಂಗ ಕಣ್ಣ ಬಿಟಗೊಂಡು ನೋಡಲಿಕ್ಕತ್ತಿದ್ದಿ. ಏನ ಮಾಡಲಿ?" ಎಂದಳು ಕಾಕೂ. "ಸಕ್ಕರಿ ಭಾಳ ಆಗೇದ, ನೋಡ."

ಮನೆ ಮುಟ್ಟಿದಾಗ ಸಂಜೆ. ಅಮ್ಮಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲೆದುರೇ ಕೂತಿದ್ದಳು. ಚಪ್ಪಲಿ ಬಿಡುವ ಮೊದಲೇ "ಹೇಳಿದಿಯೇನು?" ಎಂದಳು.

"ಆಕಿಗೆ ಮೊದಲs ಗೊತ್ತಿತ್ತಂತ. ನಿನ್ನ ಹುರದ ಕೊಬ್ಬರಿ ವಾಸನಿ ಅದರಾಗ ಇರಲಿಲ್ಲಂತ." ಗೋಡೆಗೆ ಆತು ನಿಂತದ್ದು, ಅತ್ತೆಗೆ ಸುಳ್ಳು ಹೇಳಿದ್ದು, ವರ್ಷಾ ವರ್ಷಾ ಹುರಿದು ಹಾಳು ಮಾಡಿದ್ದು, ಎಲ್ಲವನ್ನೂ ಹೇಳಿದೆ. ಮಾತಾಡುತ್ತ ನಾನು ಎಂದಿನಂತೆ ಬಾಲ್ಕನಿಗೂ ಬಾಗಿಲಿಗೂ ಓಡಾಡುತ್ತಿದ್ದೆ. ಈ ಸಲ ಅಮ್ಮಿ ಕೂಡು ಅನ್ನಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದಳು.

"ವಾಸನಿ ಆಕಿಗೆ ಮುಟ್ಟತಿತ್ತು?" ಎಂದಳು ಕೊನೆಗೆ.

"ಮುಟ್ಟತಿತ್ತಂತ."

"ಒಳಗ ಸೆಕಿ ಅಂತ ಹೊರಗ ಕುಂದರತಿದ್ದೆ ಅಂತ ತಿಳದಿಯೇನು ನೀ?" ಅಮ್ಮಿ ನನ್ನ ಕಡೆ ನೋಡಲಿಲ್ಲ. "ದಾರದ ಮ್ಯಾಲಿನ ಅರಿವಿ ಗಾಳಿಗೆ ಅವರ ಕಡಿ ಹಾರಿದ ಮ್ಯಾಲೇ ಸ್ಟೋ ಹಚ್ಚತಿದ್ದೆ."

ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಚೀಲದೊಳಗಿನ ಪೊಟ್ಟಣಗಳನ್ನು ಒಂದೊಂದಾಗಿ ಕಟ್ಟೆಯ ಮೇಲೆ ಬಿಚ್ಚಿದಳು. ಉತ್ತತ್ತಿಯನ್ನು ನೆನೆಯಲು ಹಾಕಿ, ಖಾಲಿ ಚೀಲವನ್ನು ಮಡಚಿ ನನ್ನ ಕೈಗೆ ಕೊಟ್ಟಳು. ನಾಳೆ ತಾನೂ ಬರುವುದಾಗಿ, ಬಸ್ಸಿನಲ್ಲಿ ದೊಡ್ಡ ಡಬ್ಬಿಯನ್ನು ನಾನು ಹಿಡಿದುಕೊಳ್ಳಬೇಕೆಂದು ಹೇಳಿದಳು.